30 ಆಂಪಿಯರಿನ ಕಾರು ಬ್ಯಾಟರಿ: ಪಠ್ಯಪುಸ್ತಕದ ಲೆಕ್ಕವೊಂದರ ವಿಮರ್ಶೆ

ಎನ್‌ಸಿಇಆರ್‌ಟಿಯ 12ನೇ ತರಗತಿ ಭೌತವಿಜ್ಞಾನ ಪುಸ್ತಕದಲ್ಲಿ ವಿದ್ಯುತ್‌ಪ್ರವಾಹದ ಅಧ್ಯಾಯ ಮುಗಿದ ಕೂಡಲೇ ಬರುವ ಮೊದಲ ಲೆಕ್ಕ ಬಹಳ ಸರಳವಾದುದು. ಕಾರಿನ ಬ್ಯಾಟರಿಯೊಂದರ ವಿದ್ಯುಚ್ಚಾಲಕ ಬಲ 12 ವೋಲ್ಟ್, ಆಂತರಿಕ ರೋಧ 0.4 ಓಮ್, ಅದರಿಂದ ಪಡೆಯಬಹುದಾದ ಗರಿಷ್ಠ ಪ್ರವಾಹ ಎಷ್ಟು? 12ನ್ನು 0.4ರಿಂದ ಭಾಗಿಸಿದರೆ 30 ಆಂಪಿಯರ್. ನಮ್ಮ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳೂ ಓದುವುದು ಇದೇ ಪುಸ್ತಕವನ್ನು. 30 ಎಂದು ಬರೆದವರಿಗೆ ಪೂರ್ಣ ಅಂಕ ಸಿಗುತ್ತದೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ಉತ್ತರ ಸರಿಯೇ. ಆದರೆ ಪ್ರಶ್ನೆ ಸರಿಯೇ? ಅಂಥ ಕಾರು ಬ್ಯಾಟರಿ ಲೋಕದಲ್ಲಿ ಎಲ್ಲಾದರೂ ಇದೆಯೇ? ಒಂದು ಸಂಖ್ಯೆಯ ಬಗ್ಗೆ ಇಷ್ಟು ತಕರಾರು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಲೆಕ್ಕವನ್ನು ಕಾಗದದಿಂದ ಇಳಿಸಿ ಒಂದು ನಿಜವಾದ ಕೆಲಸಕ್ಕೆ ಹಚ್ಚಿ ನೋಡಿದರೆ ತಕರಾರಿನ ಕಾರಣ ತಿಳಿಯುತ್ತದೆ. ಅದಕ್ಕಾಗಿ ಟಿಪ್ಪಿಂಗ್ ಟ್ರೇಲರನ್ನು ಆರಿಸಿಕೊಳ್ಳೋಣ.

ಯಂತ್ರದ ಪರಿಚಯ

ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರ್ ತನ್ನ ತೊಟ್ಟಿಯನ್ನು ಎತ್ತಿ ಮರಳು, ಗೊಬ್ಬರಗಳನ್ನು ಸುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಬ್ಯಾಟರಿಯ ಮಾತೇ ಇಲ್ಲ. ಒತ್ತಡದ ಎಣ್ಣೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನಿಂದ ಕೊಳವೆಯ ಮೂಲಕ ಟ್ರೇಲರಿನ ಸಿಲಿಂಡರಿಗೆ ಬರುತ್ತದೆ.

ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಚಿಕ್ಕ ಟಿಪ್ಪಿಂಗ್ ಟ್ರೇಲರುಗಳನ್ನು ಕಾರು ಅಥವಾ ಪಿಕಪ್ ವಾಹನ ಎಳೆಯುತ್ತದೆ. ಕಾರಿನಲ್ಲಿ ಎಣ್ಣೆ ಕೊಡುವ ಪಂಪು ಇರುವುದಿಲ್ಲ. ಆದ್ದರಿಂದ ಟ್ರೇಲರಿನ ಮೇಲೆಯೇ 12 ವೋಲ್ಟಿನ ನೇರ ಪ್ರವಾಹದ ಮೋಟಾರು, ಅದಕ್ಕೆ ಜೋಡಿಸಿದ ಪಂಪು, ಎಣ್ಣೆಯ ತೊಟ್ಟಿ ಮತ್ತು ಒಂದು ಬ್ಯಾಟರಿ ಇರುತ್ತವೆ. ಗುಂಡಿ ಒತ್ತಿದರೆ ಮೋಟಾರು ತಿರುಗುತ್ತದೆ, ಎಣ್ಣೆ ಸಿಲಿಂಡರಿಗೆ ನುಗ್ಗುತ್ತದೆ, ತೊಟ್ಟಿ ಮೇಲೇಳುತ್ತದೆ.

ಹೊರೆಯ ಲೆಕ್ಕ

ತೊಟ್ಟಿ ಮತ್ತು ಅದರೊಳಗಿನ ಜಲ್ಲಿ ಸೇರಿ 2000 ಕಿಲೋಗ್ರಾಂ ಇದೆ ಎಂದುಕೊಳ್ಳಿ. ತೊಟ್ಟಿಯ ಉದ್ದ 3 ಮೀಟರ್, ತಿರುಗಣೆ ಹಿಂಭಾಗದ ಅಂಚಿನಲ್ಲಿ. ಗುರುತ್ವ ಕೇಂದ್ರ ತಿರುಗಣೆಯಿಂದ 1.5 ಮೀಟರ್ ದೂರದಲ್ಲಿದೆ. ತೊಟ್ಟಿಯನ್ನು 45 ಡಿಗ್ರಿ ಎತ್ತಿದರೆ ಗುರುತ್ವ ಕೇಂದ್ರ ಸುಮಾರು 1.06 ಮೀಟರ್ ಏರುತ್ತದೆ. ಅದಕ್ಕೆ ಬೇಕಾದ ಕಾರ್ಯ 2000 × 9.8 × 1.06, ಅಂದರೆ ಸುಮಾರು 21,000 ಜೂಲ್.

ಮೋಟಾರು, ಪಂಪು, ಕವಾಟ, ಸಿಲಿಂಡರುಗಳಲ್ಲಿ ಆಗುವ ನಷ್ಟಗಳನ್ನೆಲ್ಲ ಸೇರಿಸಿ ಒಟ್ಟು ದಕ್ಷತೆ ಅರ್ಧದಷ್ಟು ಎಂದಿಟ್ಟುಕೊಂಡರೆ ಬ್ಯಾಟರಿಯ ಕಡೆಯಿಂದ 42,000 ಜೂಲ್ ಬರಬೇಕು. ತೊಟ್ಟಿ 25 ಸೆಕೆಂಡಿನಲ್ಲಿ ಮೇಲೇಳಬೇಕಾದರೆ ಸಾಮರ್ಥ್ಯ ಸುಮಾರು 1700 ವಾಟ್. ಮೋಟಾರಿನ ತುದಿಗಳಲ್ಲಿ 11.5 ವೋಲ್ಟ್ ಉಳಿದಿದ್ದರೆ ಪ್ರವಾಹ ಸುಮಾರು 150 ಆಂಪಿಯರ್. ಇದು ಸರಾಸರಿ ಮಾತ್ರ. ತೊಟ್ಟಿ ಮಲಗಿರುವಾಗ ತಿರುಗಣೆಯ ಸುತ್ತ ಭಾರದ ಟಾರ್ಕ್ ಅತಿ ಹೆಚ್ಚು. ಆದ್ದರಿಂದ ಆರಂಭದ ಕ್ಷಣಗಳಲ್ಲಿ ಪ್ರವಾಹ ಇನ್ನೂ ಮೇಲಿರುತ್ತದೆ.

ಈಗ ಇನ್ನೊಂದು ಸಂಖ್ಯೆಯನ್ನು ನೋಡಿ. 150 ಆಂಪಿಯರ್ 25 ಸೆಕೆಂಡು ಹರಿದರೆ ಆವೇಶ 3750 ಕೂಲಾಂ. 3600 ಕೂಲಾಂ ಎಂದರೆ 1 ಆಂಪಿಯರ್-ಗಂಟೆ. ಎರಡು ಟನ್ ಎತ್ತಲು ಬ್ಯಾಟರಿಯ ದಾಸ್ತಾನಿನಿಂದ ಖರ್ಚಾಗುವುದು ಬರೀ ಒಂದು ಚಿಲ್ಲರೆ ಆಂಪಿಯರ್-ಗಂಟೆ! ಅಂದಮೇಲೆ ಇಲ್ಲಿ ಬ್ಯಾಟರಿಗೆ ಎದುರಾಗುವ ಪ್ರಶ್ನೆ ಅದರ ಬಳಿ ಎಷ್ಟು ಇದೆ ಎಂಬುದಲ್ಲ, ಎಷ್ಟು ಬೇಗ ಕೊಡಬಲ್ಲದು ಎಂಬುದು. ಅದನ್ನು ತೀರ್ಮಾನಿಸುವುದೇ ಆಂತರಿಕ ರೋಧ.

ಪುಸ್ತಕದ ಬ್ಯಾಟರಿಯನ್ನು ಕೂರಿಸಿದರೆ

0.4 ಓಮಿನ ಬ್ಯಾಟರಿಯನ್ನು ಈ ಟ್ರೇಲರಿಗೆ ಹಾಕೋಣ. ತುದಿಗಳನ್ನು ನೇರವಾಗಿ ಜೋಡಿಸಿದರೂ ಅದು ಕೊಡುವುದು 30 ಆಂಪಿಯರ್. ಆಗ ಹೊರಗಿನ ವಿಭವಾಂತರ ಶೂನ್ಯ. ಹೊರೆಯ ರೋಧವೂ 0.4 ಓಮ್ ಇದ್ದಾಗ ಹೊರಗೆ ದೊರೆಯುವ ಸಾಮರ್ಥ್ಯ ಗರಿಷ್ಠ. ಅದು 15 ಆಂಪಿಯರ್, 6 ವೋಲ್ಟ್, ಅಂದರೆ 90 ವಾಟ್. ಈ ವೇಗದಲ್ಲಿ 42,000 ಜೂಲ್ ಒದಗಿಸಲು ಎಂಟು ನಿಮಿಷದಷ್ಟು ಬೇಕು. ಅಷ್ಟೇ ಶಕ್ತಿ ಬ್ಯಾಟರಿಯೊಳಗೆ ಉಷ್ಣವಾಗಿ ಪೋಲಾಗುತ್ತದೆ. ವಾಸ್ತವದಲ್ಲಿ ಅಷ್ಟೂ ಆಗದು. ಅಷ್ಟು ಕಡಿಮೆ ಪ್ರವಾಹದಲ್ಲಿ ಮೋಟಾರಿಗೆ ಭಾರವನ್ನು ಅಲುಗಿಸುವ ಟಾರ್ಕೇ ಹುಟ್ಟುವುದಿಲ್ಲ. ಟ್ರೇಲರ್ ಹಾಗಿರಲಿ, ಈ ಬ್ಯಾಟರಿಯಿಂದ ಕಾರೂ ಚಾಲೂ ಆಗದು.

ಇದು ಪುಸ್ತಕಕ್ಕೇ ಗೊತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. 2022ರಲ್ಲಿ ಪಠ್ಯವನ್ನು ಹಗುರಗೊಳಿಸುವ ಮೊದಲಿನ ಆವೃತ್ತಿಗಳಲ್ಲಿ, ಇದೇ ಅಧ್ಯಾಯದ ಹೆಚ್ಚುವರಿ ಅಭ್ಯಾಸದಲ್ಲಿ ಇನ್ನೊಂದು ಲೆಕ್ಕವಿತ್ತು. ಅದರಲ್ಲಿ ಸೀಸ-ಆಮ್ಲ ಕೋಶವೊಂದರ ಆಂತರಿಕ ರೋಧ 0.015 ಓಮ್, ಆರು ಕೋಶಗಳ ಸರಣಿಗೆ 0.09 ಓಮ್. ಮುಂದುವರಿದು, ಹಳೆಯದಾಗಿ 380 ಓಮ್ ರೋಧಕ್ಕೇರಿದ ಕೋಶ ಕಾರಿನ ಸ್ಟಾರ್ಟರ್ ಮೋಟಾರನ್ನು ತಿರುಗಿಸಬಲ್ಲದೇ ಎಂದು ಕೇಳಲಾಗಿತ್ತು. ಆಗದು, ಸ್ಟಾರ್ಟರಿಗೆ ಕೆಲವು ಸೆಕೆಂಡು ಸುಮಾರು 100 ಆಂಪಿಯರ್ ಬೇಕು ಎಂಬುದು ಉತ್ತರದ ಸಾರ. ಒಂದೇ ಅಧ್ಯಾಯದ ಮೊದಲ ಲೆಕ್ಕದ ಕಾರು ಬ್ಯಾಟರಿ ಗರಿಷ್ಠ 30 ಆಂಪಿಯರ್ ಕೊಡುತ್ತದೆ. ನಂತರದ ಲೆಕ್ಕದ ಕಾರು 100 ಆಂಪಿಯರ್ ಕೇಳುತ್ತದೆ. ಇವೆರಡನ್ನೂ ಮಾಡಿ ಅಂಕ ಪಡೆದವರಲ್ಲಿ ಎಷ್ಟು ಮಂದಿಗೆ ವಿರೋಧ ಕಣ್ಣಿಗೆ ಬಿದ್ದೀತು? ಸಂಖ್ಯೆಗಳನ್ನು ಸೂತ್ರಕ್ಕೆ ಹಾಕುವ ಸಾಮಗ್ರಿ ಎಂದು ಮಾತ್ರ ನೋಡಲು ಕಲಿಸಿದರೆ ಬೀಳುವುದಿಲ್ಲ. ಪಠ್ಯ ಹಗುರಗೊಳಿಸಿದಾಗ ವಾಸ್ತವಕ್ಕೆ ಹತ್ತಿರವಾಗಿದ್ದ ಲೆಕ್ಕವನ್ನು ಕೈಬಿಟ್ಟು ದೂರವಾಗಿದ್ದುದನ್ನು ಉಳಿಸಿಕೊಂಡದ್ದು ವಿಷಾದದ ಸಂಗತಿ.

ನಿಜವಾದ ಬ್ಯಾಟರಿಯನ್ನು ಆರಿಸುವುದು

ಹಾಗಾದರೆ ನಿಜವಾದ ಆಂತರಿಕ ರೋಧ ಎಷ್ಟು? ಬ್ಯಾಟರಿಯ ಮೇಲಿನ ಚೀಟಿಯೇ ಹೇಳುತ್ತದೆ. ಯುರೋಪಿನ ಮಾನಕದಂತೆ 70 ಆಂಪಿಯರ್-ಗಂಟೆಯ ಕಾರು ಬ್ಯಾಟರಿಯ ಮೇಲೆ 640 ಆಂಪಿಯರ್ ಎಂದು ಬರೆದಿದ್ದರೆ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ಪ್ರವಾಹವನ್ನು 10 ಸೆಕೆಂಡು ಸೆಳೆದ ಮೇಲೂ ವಿಭವಾಂತರ 7.5 ವೋಲ್ಟಿಗಿಂತ ಕೆಳಗೆ ಇಳಿಯಬಾರದು ಎಂದರ್ಥ. ಪೂರ್ಣ ಆವೇಶಗೊಂಡ ಬ್ಯಾಟರಿಯ ವಿಭವ 12.6 ವೋಲ್ಟ್ ಎಂದು ಹಿಡಿದರೆ ಕುಸಿತ 5.1 ವೋಲ್ಟ್. ಅದನ್ನು 640ರಿಂದ ಭಾಗಿಸಿದರೆ 0.008 ಓಮ್, ಅಂದರೆ 8 ಮಿಲಿಓಮ್. ಹಿತವಾದ ಹವೆಯಲ್ಲಿ ಇನ್ನೂ ಕಡಿಮೆ. 6 ಮಿಲಿಓಮ್ ಎಂದು ಹಿಡಿಯೋಣ. ಪುಸ್ತಕದ ಸಂಖ್ಯೆ ಇದರ ಅರವತ್ತು ಪಟ್ಟಿಗೂ ಹೆಚ್ಚು!

6 ಮಿಲಿಓಮಿನ ಬ್ಯಾಟರಿಯಿಂದ 150 ಆಂಪಿಯರ್ ಸೆಳೆದರೆ ಒಳಗಿನ ಕುಸಿತ 0.9 ವೋಲ್ಟ್. ಹೊರಗೆ 11.7 ವೋಲ್ಟ್ ಉಳಿಯುತ್ತದೆ. ಟ್ರೇಲರ್ ಮೇಲೇಳುತ್ತದೆ.

ಆಂಪಿಯರ್-ಗಂಟೆಯನ್ನು ಮಾತ್ರ ನೋಡಿ ಬ್ಯಾಟರಿ ಆರಿಸುವುದು ಏಕೆ ತಪ್ಪು ಎಂಬುದೂ ಇಲ್ಲಿ ತಿಳಿಯುತ್ತದೆ. ನಮ್ಮ ಮನೆಗಳ ಇನ್ವರ್ಟರಿನ 150 ಆಂಪಿಯರ್-ಗಂಟೆ ಟ್ಯೂಬುಲರ್ ಬ್ಯಾಟರಿಗೆ ಆ ಅಳತೆ ಸಿಕ್ಕಿರುವುದು 20 ಗಂಟೆ ಕಾಲ 7.5 ಆಂಪಿಯರಿನಂತೆ ನಿಧಾನವಾಗಿ ಬರಿದು ಮಾಡಿದಾಗ. ಅದರ ಫಲಕಗಳು ದಪ್ಪ. ದೀರ್ಘ ಬಾಳಿಕೆಗೆ ಒಳ್ಳೆಯದು, ಆದರೆ ದಿಢೀರ್ ಪ್ರವಾಹಕ್ಕೆ ಅಲ್ಲ. ಸ್ಟಾರ್ಟರ್ ಬ್ಯಾಟರಿಯ ಫಲಕಗಳು ತೆಳು, ಸಂಖ್ಯೆಯಲ್ಲಿ ಹೆಚ್ಚು. ಹೊರಮೈ ವಿಸ್ತಾರವಾದ್ದರಿಂದ ರೋಧ ಕಡಿಮೆ. ಆದರೆ ಪದೇ ಪದೇ ಆಳವಾಗಿ ಬರಿದು ಮಾಡಿದರೆ ಅದು ಬೇಗ ಹಾಳಾಗುತ್ತದೆ. ಪ್ರವಾಹ ಹೆಚ್ಚಿದಂತೆ ದಕ್ಕುವ ಆಂಪಿಯರ್-ಗಂಟೆ ಕಡಿಮೆಯಾಗುತ್ತದೆ ಎಂಬುದನ್ನು ಪಾಯ್ಕರ್ಟ್ 1897ರಲ್ಲಿಯೇ ಸೂತ್ರವಾಗಿ ಬರೆದಿದ್ದ.

ಟಿಪ್ಪಿಂಗ್ ಟ್ರೇಲರಿಗೆ ಇವೆರಡರ ನಡುವಿನದು ಬೇಕು: ದೊಡ್ಡ ಪ್ರವಾಹ ಕೊಡಬಲ್ಲ, ದಿನಕ್ಕೆ ಹತ್ತಿಪ್ಪತ್ತು ಸಲದ ಬಳಕೆಯನ್ನು ತಾಳಬಲ್ಲ ಬ್ಯಾಟರಿ. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಎಜಿಎಂ ಬಗೆಯದು ಕುಲುಕಾಟಕ್ಕೆ ಅಂಜದು, ಚೆಲ್ಲದು, ಅದರ ರೋಧವೂ ಕಡಿಮೆ. ಲಿಥಿಯಂ ಬ್ಯಾಟರಿ ಹಾಕುವವರು ಅದರೊಳಗಿನ ನಿಯಂತ್ರಣ ಮಂಡಲ ಎಷ್ಟು ಪ್ರವಾಹಕ್ಕೆ ಕಡಿದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಮಿತಿ 100 ಆಂಪಿಯರ್ ಆಗಿದ್ದರೆ ತೊಟ್ಟಿ ಅಲುಗುವ ಮುನ್ನವೇ ಮೋಟಾರು ನಿಲ್ಲುತ್ತದೆ.

ತಂತಿಗೂ ರೋಧವಿದೆ

ಪಠ್ಯಪುಸ್ತಕದ ಚಿತ್ರಗಳಲ್ಲಿ ಕೋಶದಿಂದ ಹೊರೆಗೆ ಎಳೆದ ಗೆರೆಗೆ ರೋಧ ಇರುವುದಿಲ್ಲ. ಓಮುಗಳಲ್ಲಿ ಲೆಕ್ಕ ಮಾಡುವಾಗ ಇದು ಒಪ್ಪತಕ್ಕ ಸರಳೀಕರಣ. ಮಿಲಿಓಮುಗಳ ಲೋಕದಲ್ಲಿ ಒಪ್ಪಲಾಗದು. ಬ್ಯಾಟರಿ ಮೋಟಾರಿನಿಂದ 1.5 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಾಮ್ರದ ತಂತಿ 3 ಮೀಟರ್. 150 ಆಂಪಿಯರಿಗೆ ಮೂರು ದಪ್ಪಗಳ ಲೆಕ್ಕ ಹೀಗಿದೆ:

ಅಡ್ಡಕೊಯ್ತ 2.5 ಚದರ ಮಿಲಿಮೀಟರ್: ರೋಧ 20.6 ಮಿಲಿಓಮ್, ಕುಸಿತ 3.1 ವೋಲ್ಟ್, ಉಷ್ಣ 464 ವಾಟ್.

ಅಡ್ಡಕೊಯ್ತ 10 ಚದರ ಮಿಲಿಮೀಟರ್: ರೋಧ 5.2 ಮಿಲಿಓಮ್, ಕುಸಿತ 0.77 ವೋಲ್ಟ್, ಉಷ್ಣ 116 ವಾಟ್.

ಅಡ್ಡಕೊಯ್ತ 35 ಚದರ ಮಿಲಿಮೀಟರ್: ರೋಧ 1.5 ಮಿಲಿಓಮ್, ಕುಸಿತ 0.22 ವೋಲ್ಟ್, ಉಷ್ಣ 33 ವಾಟ್.

ಮೊದಲನೆಯದು ಮನೆಯ ವೈರಿಂಗಿನಲ್ಲಿ ಬಳಸುವ ದಪ್ಪ. 464 ವಾಟ್ 25 ಸೆಕೆಂಡು ಉತ್ಪತ್ತಿಯಾಗಿ ಉಷ್ಣ ಹೊರಹೋಗದೆ ತಾಮ್ರದಲ್ಲೇ ಉಳಿದರೆ ತಾಪ 400 ಡಿಗ್ರಿಗೂ ಹೆಚ್ಚು ಏರುತ್ತದೆ. ತಾಮ್ರದ ವಿಶಿಷ್ಟೋಷ್ಣ 385 ಜೂಲ್ ಎಂದು ಹಿಡಿದು ವಿದ್ಯಾರ್ಥಿಗಳು ಇದನ್ನು ತಾಳೆ ನೋಡಬಹುದು. ಸಾಮಾನ್ಯ ಪಿವಿಸಿ ಹೊದಿಕೆ ತಡೆದುಕೊಳ್ಳಲೆಂದು ತಯಾರಾಗಿರುವುದು 70 ಡಿಗ್ರಿಯವರೆಗೆ. ಒಂದೇ ಸಲ ತೊಟ್ಟಿ ಎತ್ತುವುದರೊಳಗೆ ಹೊದಿಕೆ ಕರಗಿ ಹೊಗೆಯಾಡುತ್ತದೆ. 35 ಚದರ ಮಿಲಿಮೀಟರಿನ ತಂತಿಯಲ್ಲಿ ಏರಿಕೆ ಎರಡು ಮೂರು ಡಿಗ್ರಿ ಮಾತ್ರ.

ಹಿಂದಿರುಗುವ ದಾರಿಯೂ ಇಷ್ಟೇ ಮುಖ್ಯ. ಋಣ ತುದಿಯನ್ನು ಎಲ್ಲೋ ಚಾಸಿಗೆ ಬಿಗಿದು, ತುಕ್ಕು ಹಿಡಿದ ಬೋಲ್ಟುಗಳ ಮೂಲಕ ಪ್ರವಾಹ ಮರಳಲಿ ಎಂದು ಬಿಡುವುದು ಸರಿಯಲ್ಲ. ಅಂಥ ಒಂದು ಜೋಡಣೆಯ ರೋಧ 10 ಮಿಲಿಓಮ್ ಇದ್ದರೆ ಅದೊಂದೇ ಜಾಗದಲ್ಲಿ 225 ವಾಟ್ ಉಷ್ಣ ಹುಟ್ಟುತ್ತದೆ. ಋಣ ತುದಿಗೂ ಅಷ್ಟೇ ದಪ್ಪದ ತಂತಿ ಮೋಟಾರಿನವರೆಗೆ ಹೋಗಬೇಕು.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆಯನ್ನೂ ಹೇಳಬೇಕು. ವಿಭವ ಕಡಿಮೆಯಾದರೆ ಪ್ರವಾಹವೂ ಕಡಿಮೆಯಾಗುತ್ತದೆ, ಆದ್ದರಿಂದ ತೆಳು ತಂತಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂದು ಓಮ್ ನಿಯಮವನ್ನು ಮಾತ್ರ ಬಲ್ಲವರು ವಾದಿಸಬಹುದು. ಮೋಟಾರು ಸ್ಥಿರ ರೋಧವಲ್ಲ. ಅದು ಎಷ್ಟು ಪ್ರವಾಹ ಸೆಳೆಯಬೇಕು ಎಂಬುದನ್ನು ತೀರ್ಮಾನಿಸುವುದು ಭಾರ ಬೇಡುವ ಟಾರ್ಕ್. ವಿಭವ ಇಳಿದರೆ ಪ್ರವಾಹ ಹೆಚ್ಚುಕಡಿಮೆ ಅಷ್ಟೇ ಉಳಿದು ವೇಗ ತಗ್ಗುತ್ತದೆ. 25 ಸೆಕೆಂಡಿನ ಕೆಲಸ 40 ಸೆಕೆಂಡು ಹಿಡಿಯುತ್ತದೆ, ತಂತಿ ಇನ್ನೂ ಹೆಚ್ಚು ಹೊತ್ತು ಕಾಯುತ್ತದೆ. ಗುಂಡಿಗೂ ಮೋಟಾರಿಗೂ ನಡುವಿನ ಕಾಂಟ್ಯಾಕ್ಟರಿನ ಸುರುಳಿಗೆ ಸಾಲದಷ್ಟು ವಿಭವ ಸಿಕ್ಕರೆ ಅದರ ತುದಿಗಳು ಪಟಪಟನೆ ಬಡಿದು ಕಿಡಿ ಹಾರಿಸಿ ಬೆಸೆದುಕೊಳ್ಳಬಹುದು. ಆಗ ಗುಂಡಿ ಬಿಟ್ಟರೂ ಮೋಟಾರು ನಿಲ್ಲುವುದಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಕೈಯಿಂದ ತಿರುಗಿಸುವ ಮುಖ್ಯ ಸ್ವಿಚ್ ಇರಬೇಕೆನ್ನುವುದು ಇದಕ್ಕಾಗಿಯೇ.

ಮರುಪೂರಣದ ಲೆಕ್ಕ

ಪುಸ್ತಕದ ಇನ್ನೊಂದು ಲೆಕ್ಕ ಬ್ಯಾಟರಿಯನ್ನು ಮರುಪೂರಣ ಮಾಡುವ ಬಗ್ಗೆ. 8 ವೋಲ್ಟ್, 0.5 ಓಮಿನ ಬ್ಯಾಟರಿಗೆ 120 ವೋಲ್ಟ್ ನೇರ ಪ್ರವಾಹದ ಮೂಲದಿಂದ, 15.5 ಓಮಿನ ರೋಧಕದ ಮೂಲಕ ಪೂರಣ. ಪ್ರವಾಹ 7 ಆಂಪಿಯರ್, ಬ್ಯಾಟರಿಯ ತುದಿಗಳ ವಿಭವಾಂತರ 11.5 ವೋಲ್ಟ್. ಮೂಲದಿಂದ ತೆಗೆದುಕೊಂಡದ್ದು 840 ವಾಟ್. ರಾಸಾಯನಿಕ ಶಕ್ತಿಯಾಗಿ ಉಳಿಯುವುದು 56 ವಾಟ್. ದಕ್ಷತೆ ಶೇಕಡಾ 7ಕ್ಕಿಂತ ಕಡಿಮೆ. 8 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ನಾಲ್ಕು ಕೋಶ, 11.5 ವೋಲ್ಟ್ ಎಂದರೆ ಪ್ರತಿ ಕೋಶಕ್ಕೆ 2.9 ವೋಲ್ಟಿನ ಹತ್ತಿರ. ಸುಮಾರು 2.4 ವೋಲ್ಟಿನ ಮೇಲೆ ನೀರು ವಿಭಜನೆಯಾಗಿ ಜಲಜನಕ ಏಳತೊಡಗುತ್ತದೆ. ಪುಸ್ತಕ ಸರಣಿ ರೋಧಕದ ಉದ್ದೇಶವನ್ನು ಕೇಳುತ್ತದೆ. ಈ ಎರಡು ಸಂಗತಿಗಳನ್ನು ಕೇಳುವುದಿಲ್ಲ.

ಟ್ರೇಲರಿನಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ಬ್ರಿಟನ್ ಮತ್ತು ಯುರೋಪಿನಲ್ಲಿ ಬಳಕೆಯಲ್ಲಿರುವ 13 ಪಿನ್ನಿನ ಟ್ರೇಲರ್ ಸಾಕೆಟ್ಟಿನಲ್ಲಿ ಪೂರಣದ ತಂತಿ 2.5 ಚದರ ಮಿಲಿಮೀಟರ್. ಎಳೆಯುವ ವಾಹನದಿಂದ ಟ್ರೇಲರಿನ ಬ್ಯಾಟರಿಗೆ ಹೋಗಿ ಬರುವ ದೂರ 14 ಮೀಟರ್ ಇದ್ದರೆ ರೋಧ ಸುಮಾರು 0.1 ಓಮ್. 10 ಆಂಪಿಯರ್ ಹರಿದರೆ 1 ವೋಲ್ಟ್ ಕುಸಿದು, ಆಲ್ಟರ್ನೇಟರಿನ 14.2 ವೋಲ್ಟ್ ಬ್ಯಾಟರಿ ತಲಪುವಾಗ 13.2 ಆಗುತ್ತದೆ. ಪೂರಣ ಮುಂದುವರಿದಂತೆ ಪ್ರವಾಹ ತಗ್ಗಿ ಈ ಕುಸಿತವೂ ತಗ್ಗುತ್ತದೆ ನಿಜ, ಆದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಚಿಕ್ಕ ಪ್ರಯಾಣಗಳಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಅರೆಬರೆ ತುಂಬಿದ ಸ್ಥಿತಿಯಲ್ಲೇ ದಿನ ಕಳೆದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಆಂತರಿಕ ರೋಧ ಏರುತ್ತದೆ. ಈಚಿನ ಅನೇಕ ವಾಹನಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರಿನ ವಿಭವವನ್ನೇ ಆಗಾಗ ಇಳಿಸುವುದರಿಂದ ತೊಂದರೆ ಹೆಚ್ಚಿದೆ. ವಿಭವವನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರನ್ನು ಬ್ಯಾಟರಿಯ ಬಳಿ ಕೂರಿಸುವುದು ಪರಿಹಾರ.

ಈಗ ವಾಹನದ ಎಂಜಿನ್ ಓಡುತ್ತಿರುವಾಗ, ಚಾರ್ಜರ್ ಇಲ್ಲದೆ ನೇರವಾಗಿ ಜೋಡಿಸಿದ ಟ್ರೇಲರಿನ ತೊಟ್ಟಿಯನ್ನು ಎತ್ತಿದರೆ? ಕಿರ್ಚಾಫ್ ನಿಯಮಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಒಂದು ಕಡೆಯಿಂದ 0.1 ಓಮಿನ ಮೂಲಕ 14.2 ವೋಲ್ಟ್, ಇನ್ನೊಂದು ಕಡೆಯಿಂದ 0.006 ಓಮಿನ ಮೂಲಕ 12.6 ವೋಲ್ಟ್, ಹೊರೆ 150 ಆಂಪಿಯರ್. ಬಿಡಿಸಿದರೆ ಸಂಧಿಯ ವಿಭವ 11.84 ವೋಲ್ಟ್, ಬ್ಯಾಟರಿಯಿಂದ 126 ಆಂಪಿಯರ್, ತೆಳು ತಂತಿಯ ಮೂಲಕ 24 ಆಂಪಿಯರ್. ಅಲ್ಲಿ 15 ಆಂಪಿಯರಿನ ಫ್ಯೂಸ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಸುಡುತ್ತದೆ. ಫ್ಯೂಸ್ ಇಲ್ಲದಿದ್ದರೆ ಸುಡುವುದು ತಂತಿ. ಈ ತಂತಿಯ ಎರಡು ತುದಿಯಲ್ಲೂ ಪ್ರವಾಹದ ಮೂಲಗಳಿವೆ. ಆದ್ದರಿಂದ ಎರಡು ತುದಿಯಲ್ಲೂ ಫ್ಯೂಸ್ ಬೇಕು. ಒಂದೇ ತುದಿಯಲ್ಲಿ ಹಾಕಿದರೆ, ತಂತಿ ನಡುವೆ ಎಲ್ಲೋ ಉಜ್ಜಿ ಚಾಸಿಗೆ ತಗುಲಿದಾಗ ಇನ್ನೊಂದು ತುದಿಯ ಬ್ಯಾಟರಿ ಅಡೆತಡೆಯಿಲ್ಲದೆ ಪ್ರವಾಹ ಸುರಿಯುತ್ತದೆ.

ಇದರಿಂದ ಆಗುವ ನಷ್ಟ

ಪುಸ್ತಕದ ಪರವಾಗಿ ಹೇಳಬಹುದಾದ ಮಾತೂ ಇದೆ. ಆಂತರಿಕ ರೋಧದ ನಿರೂಪಣೆ ಸ್ಪಷ್ಟವಾಗಿದೆ, ಸೂತ್ರಗಳಲ್ಲಿ ದೋಷವಿಲ್ಲ. ಮೊದಲ ಲೆಕ್ಕ ಸುಲಭವಾಗಿರಲಿ ಎಂದು 0.4 ಹಾಕಿರಬಹುದು. ಆದರೆ 0.006 ಹಾಕಿದ್ದರೆ ಲೆಕ್ಕ ಕಷ್ಟವಾಗುತ್ತಿತ್ತೇ? ಉತ್ತರ 2000 ಆಂಪಿಯರ್ ಬರುತ್ತಿತ್ತು, ವಿದ್ಯಾರ್ಥಿ ಬೆಚ್ಚುತ್ತಿದ್ದ. ಆ ಬೆಚ್ಚುವಿಕೆಯೇ ಪಾಠ. ಕಾರು ಬ್ಯಾಟರಿಯ ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಕಬ್ಬಿಣ ಕೆಂಪಗೆ ಕಾಯುವುದೂ, ಬೆರಳಿನ ಉಂಗುರ ತಗುಲಿದರೆ ಚರ್ಮ ಸುಡುವುದೂ ಈ ಪ್ರವಾಹದಿಂದಲೇ. 12 ವೋಲ್ಟ್ ತಾನೇ, ಗರಿಷ್ಠ 30 ಆಂಪಿಯರ್ ತಾನೇ ಎಂದು ಕಲಿತವರು ಬ್ಯಾಟರಿಯ ಬಳಿ ಉಂಗುರ ತೆಗೆಯುವುದಿಲ್ಲ.

ಅಧ್ಯಾಪಕರು ತರಗತಿಯಲ್ಲೇ ಇದನ್ನು ಪರೀಕ್ಷಿಸಬಹುದು. ಕಾರು ಬ್ಯಾಟರಿಗೆ 15 ಆಂಪಿಯರ್ ಫ್ಯೂಸಿನ ಮೂಲಕ 12 ವೋಲ್ಟ್, 55 ವಾಟಿನ ಎರಡು ಹೆಡ್‌ಲೈಟ್ ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿ. ಎರಡು ನಿಮಿಷ ಒಂದನ್ನು ಉರಿಸಿ, ಬಳಿಕ ಬ್ಯಾಟರಿಯ ಕಂಬಗಳ ಮೇಲೆಯೇ ಡಿಜಿಟಲ್ ಮಲ್ಟಿಮೀಟರ್ ಇಟ್ಟು ಓದಿ. ಎರಡನೆಯದನ್ನೂ ಉರಿಸಿ ಮತ್ತೆ ಓದಿ. ಎರಡನೆಯ ಬಲ್ಬು ಸೆಳೆಯುವ ಸುಮಾರು 4.5 ಆಂಪಿಯರಿಗೆ ಓದು ಕೆಲವೇ ನೂರನೇ ಭಾಗ ವೋಲ್ಟಿನಷ್ಟು ಇಳಿದೀತು. ಆಂತರಿಕ ರೋಧ 0.4 ಓಮ್ ಆಗಿದ್ದಿದ್ದರೆ ಒಂದು ವೋಲ್ಟಿಗೂ ಹೆಚ್ಚು ಕುಸಿದು ಮೊದಲ ಬಲ್ಬು ಎಲ್ಲರ ಕಣ್ಣಿಗೆ ಕಾಣುವಂತೆ ಮಂಕಾಗುತ್ತಿತ್ತು. ತುದಿಗಳನ್ನು ನೇರವಾಗಿ ಜೋಡಿಸುವ ಪ್ರಯೋಗವನ್ನು ಮಾತ್ರ ಯಾರೂ ಮಾಡಬಾರದು.

ಮುಂದಿನ ಆವೃತ್ತಿಯಲ್ಲಿ ಈ ಲೆಕ್ಕ ಬದಲಾಗಲಿ. ಅಲ್ಲಿಯವರೆಗೆ ಅಧ್ಯಾಪಕರು 30 ಎಂಬ ಉತ್ತರಕ್ಕೆ ಅಂಕ ಕೊಟ್ಟ ಮೇಲೆ ಇನ್ನೊಂದು ಪ್ರಶ್ನೆ ಕೇಳಲಿ: ಈ ಬ್ಯಾಟರಿ ಯಾವ ಕೆಲಸಕ್ಕೆ ಬಂದೀತು? ಹೆಡ್‌ಲೈಟ್ ಹೇಗೋ ಮಂಕಾಗಿ ಉರಿದೀತು. ಕಾರು ಚಾಲೂ ಆಗದು, ಟ್ರೇಲರಿನ ತೊಟ್ಟಿ ಏಳದು. ವಿದ್ಯಾರ್ಥಿ ತಾನಾಗಿ ಈ ಉತ್ತರಕ್ಕೆ ಬಂದರೆ ಆಂತರಿಕ ರೋಧದ ಪಾಠ ಅವನಿಗೆ ನಿಜವಾಗಿ ತಿಳಿದಿದೆ ಎಂದರ್ಥ.